ಬೇಡ ಎಂಬ ಫೋಲ್ಡರು

ನಮ್ಮ ಆಫೀಸಿನಲ್ಲಿ ಬೇಕೆಂದೇ ತಪ್ಪು ಕೋಡ್ ಬರೆದು ಜೋಪಾನವಾಗಿ ಇಟ್ಟುಕೊಳ್ಳುತ್ತೇವೆ ಎಂದು ಒಮ್ಮೆ ಫೋನಿನಲ್ಲಿ ಹೇಳಿದಾಗ ಗದಗಿನಲ್ಲಿರುವ ನನ್ನ ತಂಗಿ ಬಿದ್ದು ಬಿದ್ದು ನಕ್ಕಳು. ಅದಕ್ಕೂ ಸಂಬಳ ಕೊಡುತ್ತಾರೇನು ಎಂದು ಕೇಳಿದಳು. ಕೊಡುತ್ತಾರೆ ಎಂದೆ. ವಿವರಿಸಲು ಹೋಗಲಿಲ್ಲ. ವಿವರಿಸುವುದಕ್ಕೆ ತಾಳ್ಮೆ ಬೇಕು, ಅದು ನನ್ನ ಹತ್ತಿರ ಯಾವತ್ತೂ ಹೆಚ್ಚಿಗೆ ಇದ್ದದ್ದಲ್ಲ. ಈಗ ವಿವರಿಸುತ್ತೇನೆ, ಯಾಕೆಂದರೆ ಅದನ್ನು ಹೇಳದೆ ಜೂನ್ ತಿಂಗಳಿನ ಆ ಗುರುವಾರದ ವಿಷಯ ಹೇಳಲು ಬರುವುದಿಲ್ಲ.

ನಾವು ಬೀಗ ಮಾಡುವವರು. ಒಮಾನಿನ ಸೀಬ್‌ನಲ್ಲಿ ಪರದೆ ಬಟ್ಟೆ ಮಾರುವ ಅಂಗಡಿಯ ಮೇಲಿನ ಮಹಡಿಯಲ್ಲಿ ಕೂತು, ಎಣ್ಣೆ ಟ್ಯಾಂಕುಗಳ ಮುಚ್ಚಳಕ್ಕೆ ಹಾಕುವ ಬೀಗದ ಪ್ರೋಗ್ರಾಮ್ ಬರೆಯುತ್ತೇವೆ. ಹಳೆಯ ಎಣ್ಣೆ ಶೇಖರಿಸುವ ಟ್ಯಾಂಕಿನ ತಳದಲ್ಲಿ ರಾಡಿ ಕೂತುಬಿಡುತ್ತದೆ. ಅದನ್ನು ಕೆರೆದು ತೆಗೆಯಲು ಮನುಷ್ಯರೇ ಒಳಗೆ ಇಳಿಯಬೇಕು. ಕೆದಕಿದ ರಾಡಿಯಿಂದ ವಿಷದ ಗಾಳಿ ಏಳುತ್ತದೆ. ಸ್ವಲ್ಪವಿದ್ದರೆ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ, ಹೆಚ್ಚಾದರೆ ವಾಸನೆಯೇ ತಿಳಿಯುವುದಿಲ್ಲ, ಒಳಗಿದ್ದವನು ಕುಸಿದು ಬೀಳುತ್ತಾನೆ. ಅವನನ್ನು ಎತ್ತಲು ಇಳಿದವನೂ ಬೀಳುತ್ತಾನೆ. ಅದಕ್ಕೇ ನಮ್ಮ ಬೀಗ ಮೊದಲು ಒಳಗಿನ ಗಾಳಿಯನ್ನು ಪರೀಕ್ಷೆ ಮಾಡುತ್ತದೆ. ಗಾಳಿ ಸರಿಯಿದ್ದರೆ ಪ್ರೋಗ್ರಾಮಿನೊಳಗೆ ಒಂದು ಚೀಟಿ ಹುಟ್ಟುತ್ತದೆ. ಕಾಗದದ ಚೀಟಿಯಲ್ಲ, ನಾವು ಅದನ್ನು ಕರೆಯುವುದು ಹಾಗೆ. ಒಂದು ಚೀಟಿಗೆ ಮುಚ್ಚಳ ಒಂದೇ ಸಲ ತೆರೆಯಬೇಕು. ತೆರೆದ ಕೂಡಲೇ ಚೀಟಿ ಖರ್ಚಾಯಿತು. ಮುಚ್ಚಿ ಮತ್ತೆ ತೆರೆಯಬೇಕೆಂದರೆ ಮತ್ತೆ ಗಾಳಿ ಪರೀಕ್ಷೆ ಆಗಲೇಬೇಕು.

ಈ ನಿಯಮವನ್ನು ಕೋಡಿನೊಳಗೆ ಕೂಡಿಸಿದವರು ಬಾಲಸುಬ್ರಹ್ಮಣ್ಯ, ಮೈಸೂರಿನವರು, ನಮಗೆಲ್ಲ ಬಾಲು ಸರ್. ಒಂದೇ ಚೀಟಿಯನ್ನು ಎರಡು ಸಲ ಬಳಸುವ ಕೋಡನ್ನು ಯಾರಾದರೂ ಮರೆತು ಬರೆದರೂ ಅದು ಕಂಪೈಲೇ ಆಗಬಾರದು ಎಂಬಂತೆ ಅವರು ಕಟ್ಟಿದ್ದರು. ಕಂಪೈಲರ್ ಎಂದರೆ ನಾವು ಬರೆದದ್ದನ್ನೆಲ್ಲ ಓದಿ ಯಂತ್ರಕ್ಕೆ ತಿಳಿಯುವಂತೆ ಮಾಡಿಕೊಡುವ ಪ್ರೋಗ್ರಾಮ್. ನಿಯಮ ಮೀರಿದ್ದು ಕಂಡರೆ ಅದು ಒಪ್ಪುವುದಿಲ್ಲ, ಅಲ್ಲೇ ನಿಲ್ಲಿಸಿ ಕಾರಣ ಬರೆಯುತ್ತದೆ. ಅದು ನಿಜವಾಗಿಯೂ ನಿಲ್ಲಿಸುತ್ತದೋ ಇಲ್ಲವೋ ಎಂದು ನೋಡಲು ಬಾಲು ಸರ್ ಬೇಕೆಂದೇ ತಪ್ಪು ಕೋಡುಗಳನ್ನು ಬರೆದರು. ಒಂದು ಫೈಲಿಗೆ ಒಂದು ತಪ್ಪು. ಅವೆಲ್ಲ ಇದ್ದ ಫೋಲ್ಡರಿಗೆ ‘ಬೇಡ’ ಎಂದು ಹೆಸರಿಟ್ಟರು. ಆಫೀಸಿನ ಒಮಾನಿ ಹುಡುಗಿಯರಿಗೂ ಆ ಒಂದು ಕನ್ನಡ ಶಬ್ದ ಬಾಯಿಪಾಠವಾಯಿತು. ದಿನಾ ಬೆಳಿಗ್ಗೆ ಯಂತ್ರ ಆ ಫೈಲುಗಳನ್ನೆಲ್ಲ ಕಂಪೈಲ್ ಮಾಡಲು ಹೋಗುತ್ತದೆ. ಕಂಪೈಲರ್ ಬೇಡ ಎಂದರೆ ಹಸಿರು ದೀಪ, ಒಪ್ಪಿಕೊಂಡರೆ ಕೆಂಪು. ಬೇರೆ ಎಲ್ಲ ಕಡೆ ಪಾಸಾದರೆ ಪಾಸು, ಇಲ್ಲಿ ಮಾತ್ರ ಫೇಲಾದರೆ ಪಾಸು.

ಸರ್ ಅವರ ಎರಡು ಪದ್ಧತಿಗಳನ್ನು ಹೇಳಬೇಕು. ಒಂದು, ತಪ್ಪು ಫೈಲುಗಳಲ್ಲಿ ಟ್ಯಾಂಕಿಗೆ ಇಳಿಯುವವನಿಗೆ ಅವರು ತಮ್ಮದೇ ಹೆಸರು ಇಡುತ್ತಿದ್ದರು. ಎಲ್ಲ ಫೈಲಿನಲ್ಲೂ ಬಾಲು ಇಳಿಯುತ್ತಾನೆ, ಬಾಲು ಚೀಟಿ ಮರೆಯುತ್ತಾನೆ, ಬಾಲು ಗಾಳಿ ನೋಡದೆ ಮುಚ್ಚಳ ಎತ್ತುತ್ತಾನೆ. ತಪ್ಪು ಬರೆಯುವವನು ತಾನೇ ಸಾಯಲು ತಯಾರಿರಬೇಕು, ಇನ್ನೊಬ್ಬರನ್ನು ಇಳಿಸಬಾರದು ಎನ್ನುತ್ತಿದ್ದರು. ಇನ್ನೊಂದು, ವಾರದ ಕೊನೆಯ ದಿನವಾದ ಗುರುವಾರ ಊಟವಾದ ಮೇಲೆ ನಮ್ಮನ್ನು ಕೂರಿಸಿಕೊಂಡು, ಕಂಪೈಲರ್ ಬರೆದ ಕಾರಣಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದುತ್ತಿದ್ದರು. ಹಸಿರು ಬಂದಿದೆಯಲ್ಲ ಸರ್, ಮತ್ತೆ ಓದುವುದೇಕೆ ಎಂದು ನಾನೇ ಒಮ್ಮೆ ಸಿಡುಕಿದ್ದೆ.

“ಬೇಡ ಅಂದ್ರೆ ಸಾಲದು ಕಣಮ್ಮ,” ಅಂದಿದ್ದರು. “ಯಾಕೆ ಬೇಡ ಅನ್ನೋದು ಅದರ ಬಾಯಿಂದಲೇ ಬರಬೇಕು. ಕಾರಣ ಬೇರೆ ಇದ್ರೆ ಅದು ಬೇಡ ಅಂದ ಹಾಗೇ ಅಲ್ಲ.”

ಆಗ ನನ್ನ ಕಿವಿ ಅಲ್ಲಿರಲಿಲ್ಲ. ಗುರುವಾರ ಎಂದರೆ ನನಗೆ ಸುವೈಕ್‌ನಿಂದ ಗಂಡ ಬರುವ ದಿನ. ಮನೆಗೆ ಹೋಗಿ ರೊಟ್ಟಿ ಬಡಿಯಬೇಕು ಎಂಬುದೇ ತಲೆಯಲ್ಲಿ.

ಹೋದ ವರ್ಷ ರಂಜಾನ್ ಮುಗಿದ ವಾರ ಬಾಲು ಸರ್ ಬೆಳಿಗ್ಗೆ ಸ್ನಾನಕ್ಕೆ ಹೋದವರು ಹೊರಗೆ ಬರಲಿಲ್ಲ. ಎದೆ ಹಿಡಿದುಕೊಂಡಿತಂತೆ. ಅವರ ದೇಹವನ್ನು ಮೈಸೂರಿಗೆ ಕಳಿಸುವ ಹೊತ್ತಿಗೆ ವಿಮಾನ ನಿಲ್ದಾಣದ ಸರಕಿನ ಗೇಟಿನ ಹತ್ತಿರ ನಾವೆಲ್ಲ ನಿಂತಿದ್ದೆವು. ನಾನು ಅತ್ತೆ. ಅತ್ತು ಬಂದು ಅವರ ಕುರ್ಚಿಯಲ್ಲಿ ಕೂತೆ. ಕುರ್ಚಿ ನನಗೆ ಸಿಕ್ಕಿತು, ಗುರುವಾರದ ಓದು ಮಾತ್ರ ಅವರ ಜೊತೆಗೇ ಹೋಯಿತು. ನಾವು ದೀಪ ನೋಡುತ್ತಿದ್ದೆವು, ಹಸಿರು ಇರುತ್ತಿತ್ತು, ಮನೆಗೆ ಹೋಗುತ್ತಿದ್ದೆವು.

ನನ್ನ ಗಂಡ ಶಿವಶರಣ ಸುವೈಕ್ ಆಚೆ ಒಂದು ಹಳೆ ಎಣ್ಣೆಯ ಯಾರ್ಡಿನಲ್ಲಿ ಸೂಪರ್‌ವೈಸರ್. ಭಾನುವಾರ ಬೆಳಿಗ್ಗೆ ಹೋದರೆ ಗುರುವಾರ ಸಂಜೆ ಬರುವುದು. ಟ್ಯಾಂಕಿಗೆ ಮೊದಲು ಇಳಿಯುವುದು ಅವರೇ. ಕೆಳಗಿನವರನ್ನು ಇಳಿಸಿ ಮೇಲೆ ನಿಂತು ನೋಡುವ ಜಾತಿ ಅಲ್ಲ. ಅದರ ಬಗ್ಗೆ ನಮ್ಮಲ್ಲಿ ಜಗಳವಾಗದ ತಿಂಗಳಿಲ್ಲ. ಅವರ ಜೊತೆ ಸರದಿಯಲ್ಲಿ ಇಳಿಯುವವರು ಗುರುವ. ಮೂಲ್ಕಿ ಕಡೆಯವರು, ವಯಸ್ಸಿನಲ್ಲಿ ನಮ್ಮಿಬ್ಬರಿಗಿಂತ ದೊಡ್ಡವರು, ಊರಲ್ಲಿ ಹೆಂಡತಿ, ನರ್ಸಿಂಗ್ ಓದುವ ಮಗಳು. ಶುಕ್ರವಾರದ ಊಟ ಅವರದು ನಮ್ಮ ಮನೆಯಲ್ಲಿ. ಮೀನಿಲ್ಲದ ಊಟ ಊಟವೇ ಅಲ್ಲ ಎಂದು ಪ್ರತಿ ವಾರ ಹೇಳುತ್ತಾರೆ, ಪ್ರತಿ ವಾರ ಮೂರು ರೊಟ್ಟಿ ಮುಗಿಸಿ ನಾಲ್ಕನೆಯದಕ್ಕೆ ತಟ್ಟೆ ಮುಂದೆ ಮಾಡುತ್ತಾರೆ. ನಾನು ಅವರನ್ನು ಗುರುವಣ್ಣ ಎನ್ನುತ್ತೇನೆ, ಅವರು ನನ್ನನ್ನು ಅಕ್ಕ ಎನ್ನುತ್ತಾರೆ. ವಯಸ್ಸಿನ ಲೆಕ್ಕ ಅಲ್ಲಿಗೆ ಬಿಟ್ಟುಬಿಟ್ಟಿದ್ದೇವೆ.

ನಮ್ಮ ಬೀಗವನ್ನು ಮೊದಲು ಹಾಕಿ ನೋಡುವುದು ಆ ಯಾರ್ಡಿನಲ್ಲೇ ಎಂದು ತೀರ್ಮಾನವಾಗಿತ್ತು. ಮಾಲೀಕನನ್ನು ಒಪ್ಪಿಸಿದ್ದು ಶಿವಶರಣ. ಅವನಿಗೆ ಬೀಗ ಬೇಕಿರಲಿಲ್ಲ. ಇವರೇ ದುಂಬಾಲು ಬಿದ್ದು, ನನ್ನ ಹೆಂಡತಿ ಮಾಡಿದ್ದು, ನಂಬಬಹುದು ಎಂದು ಹೇಳಿ ಒಪ್ಪಿಸಿದ್ದರು. ಭಾನುವಾರ ಬೆಳಿಗ್ಗೆ ಶುರು. ಅದಕ್ಕಾಗಿ ಆ ವಾರವೇ ಟ್ಯಾಂಕು ಖಾಲಿ ಮಾಡಿಸಿದ್ದರು.

ಬುಧವಾರ ಸಂಜೆ ಫೋನಿನಲ್ಲಿ ಶಿವಶರಣ ಬಹಳ ಖುಷಿಯಲ್ಲಿದ್ದರು. ಮಾತಿನ ನಡುವೆ, ಇನ್ನು ಕೈಮೀಟರು ಪಿಕಪ್ ಗಾಡಿಯಲ್ಲೇ ಬಿದ್ದಿರುತ್ತದೆ ಎಂದರು. ಕೈಮೀಟರು ಎಂದರೆ ಗಾಳಿ ಅಳೆಯುವ ಸಣ್ಣ ಯಂತ್ರ. ಯಾರೇ ಇಳಿಯುವ ಮುಂಚೆ ಅದನ್ನು ಹಗ್ಗಕ್ಕೆ ಕಟ್ಟಿ ಒಳಗೆ ಬಿಟ್ಟು, ಎತ್ತಿ ನೋಡಿ, ಆಮೇಲೇ ಇಳಿಯುವುದು ಅವರ ರೂಢಿ. ಬೀಗವೇ ಗಾಳಿ ನೋಡುವಾಗ ಮತ್ತೆ ಹಗ್ಗ ಇಳಿಸಿ ಹೊತ್ತು ಕಳೆಯುವುದೇಕೆ ಎಂದು ಮಾಲೀಕ ಕೇಳಿದನಂತೆ. ಇವರು ಆಗಲಿ ಎಂದರಂತೆ. ‘ನಿನ್ನ ಬೀಗ ಐತೆಲ್ಲ’ ಎಂದು ನಕ್ಕು ಫೋನಿಟ್ಟರು.

ನಾವೇ ಮಾಡಿದ ಬೀಗ, ನೂರು ಸಲ ಪರೀಕ್ಷೆ ಮಾಡಿದ ಬೀಗ. ಆದರೆ ಅದರ ಕೆಳಗೆ ಇಳಿಯುವವರು ನನ್ನ ಗಂಡ, ಕೈಮೀಟರಿಲ್ಲದೆ. ಭಯವಾಯಿತು. ಅದಕ್ಕೆ ಬೇರೆ ಹೆಸರಿಡುವುದಿಲ್ಲ.

ಗುರುವಾರ ಬೆಳಿಗ್ಗೆ ನಮ್ಮ ಮ್ಯಾನೇಜರ್ ಅಫ್ವಾನ್ ಒಪ್ಪಿಗೆ ಕೇಳಲು ಬಂದರು. ಉಳ್ಳಾಲದವರು, ಗಡಿಬಿಡಿಯ ಮನುಷ್ಯ, ಆದರೆ ಅನ್ಯಾಯದವರಲ್ಲ. ನಾನು ಒಪ್ಪಿಗೆ ಕೊಟ್ಟರೆ ಪ್ರೋಗ್ರಾಮ್ ಆ ದಿನವೇ ಯಾರ್ಡಿನ ಬೀಗಕ್ಕೆ ಹೋಗುತ್ತದೆ. ಕೊಡುವುದಿಲ್ಲ ಎಂದೆ. ಏನು ತೊಂದರೆ ಎಂದು ಕೇಳಿದರು. ಗೊತ್ತಿಲ್ಲ ಎಂದೆ. ಟೆಸ್ಟು ಕೆಂಪಾಗಿದೆಯೇ ಎಂದರು. ಇಲ್ಲ, ಎಲ್ಲ ಹಸಿರು. ಅವರು ಕುರ್ಚಿ ಎಳೆದುಕೊಂಡು ನನ್ನ ಎದುರು ಕೂತರು. ಸಿಟ್ಟು ಮಾಡಿಕೊಂಡಿದ್ದರೆ ನನಗೆ ಸುಲಭವಾಗುತ್ತಿತ್ತು, ನಾನೂ ಸಿಟ್ಟು ಮಾಡಬಹುದಿತ್ತು. ಅವರು ಮೆಲ್ಲಗೆ ಮಾತಾಡಿದರು.

“ಗಂಡ ಒಳಗೆ ಇಳೀತಾರೆ ಅಂತ ಹೆದರಿಕೆ ನಿಮಗೆ. ಅದು ತಪ್ಪಲ್ಲ ತ್ರಿವೇಣಿಯವರೇ. ಆದ್ರೆ ಅದು ಕಾರಣ ಅಲ್ಲ. ಬಾಲು ಸರ್ ಇದ್ದಿದ್ರೆ ನಿಮ್ಮ ಹತ್ರ ಏನು ಕೇಳ್ತಿದ್ರು, ನೀವೇ ಹೇಳಿ.”

ಸರ್ ಹೆಸರನ್ನು ಎಳೆದು ತಂದದ್ದಕ್ಕೆ ನನ್ನ ಮೈ ಉರಿಯಿತು. ಉರಿದದ್ದು ಅವರು ಹೇಳಿದ್ದು ನಿಜವಾದ್ದರಿಂದ. ಹಸಿರು ದೀಪದ ಎದುರು ಕೂತು ಬೇಡ ಎನ್ನುತ್ತಿದ್ದೇನೆ, ಯಾಕೆ ಎಂದರೆ ಬಾಯಿಲ್ಲ. ಊಟದ ತನಕ ಸಮಯ ಕೊಡಿ ಎಂದೆ. ಅವರು ಕೈಗಡಿಯಾರ ನೋಡಿ ಎದ್ದು ಹೋದರು.

ನಾನು ‘ಬೇಡ’ ಫೋಲ್ಡರು ತೆರೆದೆ. ಏನನ್ನೋ ಹುಡುಕಲು ತೆರೆದೆ ಎಂದರೆ ಸುಳ್ಳಾಗುತ್ತದೆ. ಸರ್ ಬರೆದದ್ದು ಅಲ್ಲಿತ್ತು, ಅದಕ್ಕೆ ತೆರೆದೆ. ಮೊದಲ ಫೈಲಿನಲ್ಲಿ ಬಾಲು ಗಾಳಿ ಪರೀಕ್ಷೆ ಮಾಡಿಸಿ ಚೀಟಿ ಪಡೆಯುತ್ತಾನೆ, ಮುಚ್ಚಳ ತೆರೆದು ಇಳಿಯುತ್ತಾನೆ, ಹೊರಗೆ ಬರುತ್ತಾನೆ, ಮುಚ್ಚುತ್ತಾನೆ. ಆಮೇಲೆ ಅದೇ ಚೀಟಿ ಹಿಡಿದು ಮತ್ತೆ ತೆರೆಯುತ್ತಾನೆ. ಇಂಥದ್ದನ್ನು ಓದುವಾಗ ಸರ್ ಗಂಟಲು ಸರಿಮಾಡಿಕೊಳ್ಳುತ್ತಿದ್ದದ್ದು ನೆನಪಾಯಿತು. ಪಕ್ಕದಲ್ಲಿ ಕಂಪೈಲರ್ ಬರೆದ ಕಾರಣ ಇರುತ್ತದೆ. ‘ಈ ಚೀಟಿ ಆಗಲೇ ಖರ್ಚಾಗಿದೆ’ ಎಂಬ ಅರ್ಥದ ಸಾಲು ಅದು, ಕೇಳಿ ಕೇಳಿ ನನಗೆ ಬಾಯಿಗೆ ಬರುತ್ತಿತ್ತು. ಸರ್ ಓದುತ್ತಿದ್ದಂತೆಯೇ ಗಟ್ಟಿಯಾಗಿ ಓದಲು ಬಾಯಿ ತೆರೆದೆ.

ಅಲ್ಲಿ ಬೇರೆ ಏನೋ ಇತ್ತು. ‘ಈ ಹೆಸರಿನದು ಯಾವುದೂ ಸಿಗಲಿಲ್ಲ’ ಎಂದಿತ್ತು.

ಎರಡನೇ ಫೈಲು ತೆರೆದೆ. ಅದರಲ್ಲೂ ಅದೇ ಮಾತು. ಮೂರನೆಯದರಲ್ಲೂ ಅದೇ. ಒಂದೊಂದು ಫೈಲಿನಲ್ಲಿ ಒಂದೊಂದು ತಪ್ಪು, ಒಂದೊಂದಕ್ಕೂ ಬೇರೆ ಬೇರೆ ಕಾರಣ ಇರಬೇಕಾದ ಕಡೆ, ಫೋಲ್ಡರಿನ ಕೊನೆಯ ತನಕ ಒಂದೇ ಸಾಲು.

ಆದದ್ದು ಇಷ್ಟು. ಚಳಿಗಾಲದಲ್ಲಿ ನಮ್ಮ ಕಂಪನಿಯನ್ನು ಬೇರೆಯವರು ಕೊಂಡುಕೊಂಡಿದ್ದರು. ಹೆಸರು ಬದಲಾಯಿತು, ಬೋರ್ಡು ಬದಲಾಯಿತು, ಕೋಡಿನೊಳಗೆ ಹಳೆ ಕಂಪನಿಯ ಹೆಸರಿದ್ದ ಕಡೆಯೆಲ್ಲ ಹೊಸ ಹೆಸರು ಬಂತು. ‘ಬೇಡ’ ಫೋಲ್ಡರಿನ ಫೈಲುಗಳ ಮೊದಲ ಸಾಲಿನಲ್ಲಿ ಮಾತ್ರ ಹಳೆ ಹೆಸರೇ ಉಳಿಯಿತು. ಕಂಪೈಲರ್ ಆ ಮೊದಲ ಸಾಲಿನಲ್ಲೇ ನಿಂತುಬಿಡುತ್ತಿತ್ತು. ಕೆಳಗೆ ಚೀಟಿ ಇದೆಯೇ, ಮುಚ್ಚಳ ಇದೆಯೇ, ಬಾಲು ಏನು ಮಾಡುತ್ತಿದ್ದಾನೆ ಎಂದು ಅದು ನೋಡುತ್ತಲೇ ಇರಲಿಲ್ಲ. ಆದರೂ ಬೇಡ ಎಂದು ಹೇಳುತ್ತಿತ್ತು, ಆದ್ದರಿಂದ ಹಸಿರು. ಗೇಟಿನ ಕೀಲಿಕೈ ಕಳೆದುಕೊಂಡ ಕಾವಲುಗಾರ, ಇಷ್ಟು ದಿನ ಒಬ್ಬ ಕಳ್ಳನೂ ಒಳಗೆ ಬರಲಿಲ್ಲ ಎಂದು ಮಾಲೀಕನಿಂದ ಶಹಬ್ಬಾಸ್ ಪಡೆದ ಹಾಗೆ.

ಮೊದಲ ಫೈಲಿನ ಮೊದಲ ಸಾಲಿಗೆ ಹೊಸ ಹೆಸರು ಹಾಕಿ ಮತ್ತೆ ಓಡಿಸಿದೆ. ಈಗಲಾದರೂ ಸರಿಯಾದ ಕಾರಣ ಹೇಳಲಿ ಎಂದು ಪರದೆ ನೋಡುತ್ತಾ ಕೂತೆ. ಕಾರಣ ಬರಲಿಲ್ಲ. ಕಂಪೈಲರ್ ಒಪ್ಪಿಕೊಂಡಿತು. ಕೆಂಪು ದೀಪ ಬಂತು. ಬಾಲು ಹಳೆಯ ಚೀಟಿ ಹಿಡಿದು ಎರಡನೇ ಸಲ ಟ್ಯಾಂಕಿಗೆ ಇಳಿದ, ಯಾರೂ ಬೇಡ ಎನ್ನಲಿಲ್ಲ.

ನಂದನ್‌ನನ್ನು ಕರೆದೆ. ಬೆಂಗಳೂರಿನ ಹುಡುಗ, ಚುರುಕು, ನನ್ನ ಕೈಕೆಳಗೇ ಕೆಲಸ ಮಾಡುವವನು. ಪರದೆ ನೋಡಿ ಅವನೇ ಎಲ್ಲ ಹೇಳಿದ. ಕಂಪೈಲರಿನ ಮಾತು ಫೈಲಿನ ಜೊತೆ ಬರೆದಿಟ್ಟ ಹಳೆಯ ಮಾತಿಗೆ ಹೊಂದದಿದ್ದರೂ ಯಂತ್ರ ಕೆಂಪು ತೋರಿಸುತ್ತದೆ. ಹೆಸರು ಬದಲಾದ ದಿನ ಹಾಗೆ ಫೋಲ್ಡರಿಡೀ ಕೆಂಪಾಗಿತ್ತಂತೆ. ಇವನು ಒಂದೆರಡನ್ನು ನೋಡಿ, ಹೊಸ ಮಾತನ್ನೇ ಸರಿ ಎಂದು ಬರೆದುಕೋ ಎಂಬ ಒಂದೇ ಆಜ್ಞೆಯಲ್ಲಿ ಎಲ್ಲವನ್ನೂ ಹಸಿರು ಮಾಡಿದ್ದ. ಹಾಗೆ ಮಾಡುವ ಸೌಲಭ್ಯ ಇದೆ, ಎಲ್ಲ ಕಡೆ ಮಾಡುತ್ತಾರೆ. ಅದಾದ ಮೇಲೆ ಯಾರ್ಡಿನ ಮಾಲೀಕ, ಗಾಳಿಯ ಫಲಿತಾಂಶ ತನ್ನ ಕೋಣೆಯ ಪರದೆಯಲ್ಲೂ ಕಾಣಬೇಕು ಎಂದು ಕೇಳಿದ್ದ. ಪರದೆಗೂ ಒಂದು ಬೇಕು, ಬೀಗಕ್ಕೂ ಒಂದು ಬೇಕು ಎಂದು ನಂದನ್ ಚೀಟಿಯನ್ನು ನಕಲು ಮಾಡಲು ಬಿಟ್ಟಿದ್ದ. ಒಂದೇ ಒಂದು ಸಾಲಿನ ಬದಲಾವಣೆ. ಆ ನಕಲು ಖರ್ಚಾಗದೆ ಹಾಗೇ ಉಳಿಯುತ್ತಿತ್ತು, ಬೀಗ ಮುಂದಿನ ಸಲ ಅದನ್ನೇ ಹಿಡಿದು ತೆರೆಯುತ್ತಿತ್ತು. ಬಾಲು ಸರ್ ಅವರ ಮೊದಲ ಫೈಲು ಇದ್ದದ್ದು ಇಂಥ ಸಾಲನ್ನು ಹಿಡಿಯುವುದಕ್ಕೇ.

“ಟೆಸ್ಟ್ ಎಲ್ಲಾ ಹಸಿರಿತ್ತು ಮೇಡಂ,” ಎಂದ.

ಹೌದು, ಹಸಿರಿತ್ತು. ಅವನ ಆ ಸಾಲಿಗೆ ಒಪ್ಪಿಗೆ ಕೊಟ್ಟವಳೂ ನಾನೇ, ಅದೇ ಹಸಿರು ನೋಡಿ. ಅಫ್ವಾನ್‌ರನ್ನು ಕರೆಸಿದೆ. ಅವರು ನಿಂತೇ ಓದಿದರು, ಆಮೇಲೆ ನಿಧಾನಕ್ಕೆ ಕೂತರು. ಜೂನ್ ತಿಂಗಳು, ಬಿಸಿಲಿನ ಹೊತ್ತು ಹೊರಗಿನ ಕೆಲಸ ನಿಷೇಧ, ಮಧ್ಯಾಹ್ನ ಎಲ್ಲ ಯಾರ್ಡುಗಳಲ್ಲೂ ಕೆಲಸ ನಿಲ್ಲಿಸಬೇಕು. ಬೆಳಿಗ್ಗೆ ಕೆದಕಿದ ರಾಡಿಯ ಮೇಲೆ ಮುಚ್ಚಳ ಹಾಕಿ ಮೂರು ತಾಸು ಬಿಸಿಲಿಗೆ ಬಿಟ್ಟರೆ ಒಳಗೆ ಏನು ತುಂಬುತ್ತದೆ ಎಂದು ಅವರಿಗೆ ನಾನು ಹೇಳಬೇಕಿರಲಿಲ್ಲ. ಬೀಗ ಬೆಳಗಿನ ಚೀಟಿ ಹಿಡಿದು ತೆರೆಯುತ್ತಿತ್ತು, ಕೈಮೀಟರು ಪಿಕಪ್ಪಿನಲ್ಲಿ ಇರುತ್ತಿತ್ತು.

“ಖಲಾಸ್,” ಎಂದರು ಅಫ್ವಾನ್. “ಭಾನುವಾರ ಇಲ್ಲ.” ಎದ್ದು ಹೋಗಿ ಯಾರ್ಡಿನ ಮಾಲೀಕನಿಗೆ ಫೋನ್ ಮಾಡಿದರು. ಗಾಜಿನ ಗೋಡೆಯ ಆಚೆ ಅವರು ಫೋನನ್ನು ಕಿವಿಯಿಂದ ದೂರ ಹಿಡಿದದ್ದು ಕಾಣುತ್ತಿತ್ತು. ನಾನು ಶಿವಶರಣರಿಗೆ ಎರಡು ಸಲ ಫೋನ್ ಮಾಡಿದೆ. ಟ್ಯಾಂಕುಗಳ ಹತ್ತಿರ ಫೋನ್ ಒಯ್ಯುವಂತಿಲ್ಲ, ಹೀಗಾಗಿ ನನ್ನಿಂದ ಕೇಳುವ ಮೊದಲೇ ಅವರು ಮಾಲೀಕನ ಬಾಯಿಂದ ಕೇಳಿದರು.

ಆ ಸಂಜೆ ಮನೆಗೆ ಬಂದವರು ಚಪ್ಪಲಿ ಬಿಟ್ಟು, ಕೈಕಾಲು ತೊಳೆದು, ತಟ್ಟೆಯಿಂದ ತಲೆ ಎತ್ತದೆ ಉಂಡರು. ನಾನು ತಡೆಯಲಾರದೆ ಕೇಳಿದೆ. ಆಳುಗಳೆಲ್ಲ ನಿಂತಿದ್ದಾಗಲೇ ಮಾಲೀಕ, ನಿನ್ನ ಹೆಂಡತಿಗೆ ಗಂಡನ ಚಿಂತೆಯಾದರೆ ನನ್ನ ಟ್ಯಾಂಕು ಕಾಯಬೇಕೇನು ಎಂದಿದ್ದನಂತೆ. ಎಲ್ಲರೂ ನಕ್ಕರಂತೆ. ಕೆಲಸದ ಮೇಲೆ ಯಾವತ್ತೂ ಒಂದು ಮಾತು ಕೇಳಿಸಿಕೊಳ್ಳದ ಮನುಷ್ಯ ಅವರು. ಕೋಡಿನ ವಿಷಯ ಹೇಳಲು ಹೋದೆ.

“ಹಸರ ಇತ್ತು ಅಂತಿ, ಸರಿ ಇರಲಿಲ್ಲ ಅಂತಿ,” ಎಂದರು. “ನಂಗ ತಿಳ್ಯಾಂಗಿಲ್ಲ ಅದು. ನನ್ನ ಸಲುವಾಗಿ ನಿಲ್ಲಿಸಿದ್ಯೋ, ಬೀಗದ ಸಲುವಾಗಿ ನಿಲ್ಲಿಸಿದ್ಯೋ, ಅಷ್ಟ ಹೇಳು.”

ಎರಡಕ್ಕೂ ಎಂದು ಹೇಳಬಹುದಿತ್ತು. ಹೇಳಲಿಲ್ಲ. ಮೊದಲು ಬೇಡ ಎಂದದ್ದು ಅವರ ಸಲುವಾಗಿಯೇ, ಕಾರಣ ಸಿಕ್ಕಿದ್ದು ಆಮೇಲೆ. ಅವರು ಎದ್ದು ಮಲಗಲು ಹೋದರು. ಹದಿಮೂರು ವರ್ಷದ ಸಂಸಾರದಲ್ಲಿ ನಾನು ಉತ್ತರ ಕೊಡದೆ ಬಿಟ್ಟ ಜಗಳ ಅದೊಂದೇ ಇರಬೇಕು.

ಶುಕ್ರವಾರ ಗುರುವಣ್ಣ ಎಂದಿನಂತೆ ಬಂದರು. ಸುವೈಕ್ ಮಾರ್ಕೆಟ್ಟಿನಿಂದ ಮಾವಿನಹಣ್ಣು ತಂದಿದ್ದರು, ಮೂಲ್ಕಿಯ ಹಣ್ಣಿನ ಹತ್ತಿರ ಇದು ಏನೂ ಅಲ್ಲ ಎಂದು ಹೇಳುತ್ತಲೇ ಚೀಲ ಕೊಟ್ಟರು. ನಮ್ಮಿಬ್ಬರ ಮುಖ ನೋಡಿಯೇ ಜಗಳ ಅವರಿಗೆ ತಿಳಿಯಿತು. ನಗಿಸಲೆಂದು ಶುರು ಮಾಡಿದರು. ಇಂಥ ಹೆಂಡತಿ ಯಾರಿಗೆ ಸಿಗುತ್ತಾಳೆ, ಒಂದು ಫೋನಿನಲ್ಲಿ ಇಡೀ ಯಾರ್ಡು ನಿಲ್ಲಿಸಿದಳು, ನನ್ನವಳಾದರೆ ಇಳಿಯಿರಿ ಇಳಿಯಿರಿ ಎಂದು ಹಿಂದಿನಿಂದ ತಳ್ಳುತ್ತಿದ್ದಳು ಎಂದರು. ಶಿವಶರಣ ನಗಲಿಲ್ಲ.

ನಾನು ಒಳಗೆ ಹೋಗಿ ಮಾದರಿ ಬೀಗ ತಂದೆ. ಆಫೀಸಿನಿಂದ ಹಿಂದಿನ ದಿನವೇ ಬ್ಯಾಗಿನಲ್ಲಿ ಹಾಕಿಕೊಂಡು ಬಂದಿದ್ದೆ. ಅದರೊಳಗೆ ಇದ್ದದ್ದು ಭಾನುವಾರ ಯಾರ್ಡಿಗೆ ಹೋಗಬೇಕಿದ್ದ ಪ್ರೋಗ್ರಾಮೇ. ಊಟದ ಮೇಜಿನ ಮೇಲೆ ರೊಟ್ಟಿ ಬುಟ್ಟಿ ಸರಿಸಿ ಜಾಗ ಮಾಡಿ ಇಟ್ಟೆ. ಗಾಳಿ ಪರೀಕ್ಷೆ ಮಾಡಿಸಿದೆ. ಮನೆಯ ಗಾಳಿ, ಸರಿಯಿತ್ತು. ಬೀಗ ಟಕ್ಕೆಂದು ತೆರೆಯಿತು.

“ಇದು ಮುಂಜಾನಿ,” ಎಂದೆ. ಬೀಗ ಮುಚ್ಚಿದೆ. “ಈಗ ಬಿಸಿಲಿಗೆ ಕೆಲಸ ಬಂದ್.” ಗಾಳಿ ನೋಡುವ ಅದರ ಮೂಗನ್ನು ಕಿತ್ತು ಪಕ್ಕಕ್ಕೆ ಇಟ್ಟೆ, ಇನ್ನು ಅದು ಯಾವ ಗಾಳಿಯನ್ನೂ ನೋಡಲಾರದು. “ಈಗ ಮಧ್ಯಾಹ್ನದ ಮ್ಯಾಲೆ.” ತೆರೆಯುವ ಗುಂಡಿ ಒತ್ತಿದೆ.

ಟಕ್ಕೆಂದು ತೆರೆಯಿತು.

ಶಿವಶರಣ ತೆರೆದ ಬೀಗವನ್ನೂ ಪಕ್ಕದಲ್ಲಿ ಬಿದ್ದಿದ್ದ ಮೂಗನ್ನೂ ನೋಡಿದರು. ಅವರೇ ಮುಚ್ಚಿ, ಅವರೇ ಇನ್ನೊಮ್ಮೆ ಗುಂಡಿ ಒತ್ತಿದರು. ಮತ್ತೆ ತೆರೆಯಿತು. ಹಿಂದಿನ ದಿನದಿಂದ ಮುಖದ ಮೇಲಿದ್ದ ಸಿಟ್ಟು ಇಳಿದು ಹೋಗಿ ಬೇರೆ ಏನೋ ಬಂತು. ಅವರು ನನ್ನ ಕಡೆ ನೋಡಲಿಲ್ಲ. ಗುರುವಣ್ಣನ ಕಡೆ ನೋಡಿದರು.

“ಮುಂಜಾನಿ ಇಳಿಯಾಂವ ನಾನು,” ಎಂದರು. “ಮಧ್ಯಾಹ್ನದ ಮ್ಯಾಲೆ ಪಾಳಿ ಗುರುವಣ್ಣಂದು.”

ನನಗೆ ಆಗ ಹೊಳೆಯಿತು. ಬುಧವಾರ ಸಂಜೆಯಿಂದ ನಾನು ಹೆದರಿದ್ದು, ಒಪ್ಪಿಗೆ ಕೊಡದೆ ಕೂತದ್ದು, ಒಂದೊಂದೇ ಫೈಲು ತೆರೆದದ್ದು, ಎಲ್ಲ ನನ್ನ ಗಂಡ ಒಬ್ಬರ ಸಲುವಾಗಿ. ಅವರಿಗೆ ಏನೂ ಆಗುತ್ತಿರಲಿಲ್ಲ. ಅವರು ಬೆಳಗಿನ ಸರಿಯಾದ ಚೀಟಿಯಲ್ಲಿ ಇಳಿದು, ಹೊರಗೆ ಬಂದು, ನೆರಳಿನಲ್ಲಿ ಕೂತು ಬುತ್ತಿ ಉಣ್ಣುತ್ತಿದ್ದರು. ಸಾಯುತ್ತಿದ್ದವರು ಪ್ರತಿ ಶುಕ್ರವಾರ ನನ್ನ ಮನೆಯಲ್ಲಿ ಉಣ್ಣುವ ಮನುಷ್ಯ. ಅವರು ಅಲ್ಲಿ ಇಳಿಯುತ್ತಾರೆ ಎಂದು ನನಗೆ ಗೊತ್ತಿರಲಿಲ್ಲವೇ, ಚೆನ್ನಾಗಿ ಗೊತ್ತಿತ್ತು. ಆದರೂ ಅಫ್ವಾನ್ ಎದುರು ಕೂತು ಕಾರಣ ಹುಡುಕುವಾಗ ಅವರ ಮುಖ ಒಂದು ಕ್ಷಣವೂ ನನ್ನ ಕಣ್ಣೆದುರು ಬರಲಿಲ್ಲ. ಬೇಡ ಎಂದದ್ದು ಸರಿಯಿತ್ತು, ಕಾರಣ ಬೇರೆ ಇತ್ತು.

ಗುರುವಣ್ಣ ಬೀಗವನ್ನೇ ನೋಡುತ್ತಿದ್ದರು. ಕೈಯಲ್ಲಿದ್ದ ರೊಟ್ಟಿ ಕೈಯಲ್ಲೇ ಇತ್ತು. ನನಗೋಸ್ಕರ ದೇವರ ಹಾಗೆ ನಿಲ್ಲಿಸಿದಿರಿ ಅಕ್ಕ ಎಂದು ಮೆಲ್ಲಗೆ ಹೇಳಿದರು. ಆ ಮಾತನ್ನು ಇಟ್ಟುಕೊಳ್ಳಲು ನನ್ನಿಂದ ಆಗಲಿಲ್ಲ.

“ನಿಮಗೋಸ್ಕರ ಅಲ್ಲ ಗುರುವಣ್ಣ,” ಎಂದೆ. “ಇವರ ಸಲುವಾಗಿ ನಿಲ್ಲಿಸಿದ್ದು. ನಿಮ್ಮ ಹೆಸರು ನನಗೆ ನೆನಪೇ ಆಗಲಿಲ್ಲ.”

ಶಿವಶರಣ ತಲೆ ತಗ್ಗಿಸಿದರು. ಹೇಳಬಾರದಿತ್ತು ಎಂದು ಅವರಿಗೆ ಅನಿಸಿರಬಹುದು. ಗುರುವಣ್ಣ ರೊಟ್ಟಿ ಮುರಿದು ಪಲ್ಯದಲ್ಲಿ ಅದ್ದಿ ಬಾಯಿಗಿಟ್ಟುಕೊಂಡರು. ನೋವಾಯಿತೋ ಇಲ್ಲವೋ ಮುಖ ನೋಡಿ ಹೇಳುವಂತಿರಲಿಲ್ಲ. ಆಮೇಲೆ, ಆ ತಪ್ಪು ಫೈಲಿನಲ್ಲಿ ಇಳಿಯುವವನ ಹೆಸರು ಏನಿರುತ್ತದೆ ಎಂದು ಕೇಳಿದರು. ಬಾಲು ಸರ್ ಅವರ ಪದ್ಧತಿ ಹೇಳಿದೆ. ಅವರೇ ಬರೆದದ್ದು, ಅವರದೇ ಹೆಸರು, ಅವರು ಈಗ ಇಲ್ಲ ಎಂದೆ.

“ಹಾಗಾದ್ರೆ ಇನ್ನು ನನ್ನ ಹೆಸರು ಹಾಕಿ ಅಕ್ಕ,” ಎಂದರು ಗುರುವಣ್ಣ. “ಇಳಿಯುವವ ನಾನಲ್ವಾ. ಮುಂದಿನ ಸಲ ನೆನಪಿರ್ತದೆ.”

ನಾಲ್ಕನೆಯ ರೊಟ್ಟಿಗೆ ತಟ್ಟೆ ಮುಂದೆ ಮಾಡಿದರು. ಹಾಕಿದೆ. ಕಣ್ಣು ತುಂಬಿ ಬಂದದ್ದನ್ನು ಮುಚ್ಚಿಡಲು ಹೋಗಲಿಲ್ಲ.

ಭಾನುವಾರ ಆಫೀಸಿಗೆ ಹೋಗಿ, ನಂದನ್‌ನ ಆ ಸಾಲು ತೆಗೆಸಿ, ಎಲ್ಲ ಫೈಲುಗಳ ಮೊದಲ ಸಾಲು ಸರಿಪಡಿಸಿದೆವು. ಸರ್ ಬರೆದ ಬೇರೆ ಏನನ್ನೂ ಮುಟ್ಟಲಿಲ್ಲ, ಅವರ ಫೈಲುಗಳಲ್ಲಿ ಇಳಿಯುವವನು ಬಾಲುವೇ. ಪಕ್ಕದಲ್ಲಿ ನಾನೊಂದು ಹೊಸ ತಪ್ಪು ಬರೆದೆ. ಬೆಳಿಗ್ಗೆ ಶಿವಶರಣ ಇಳಿದು ಹೊರಗೆ ಬರುತ್ತಾರೆ, ಬಿಸಿಲಿನ ಹೊತ್ತು ಮುಚ್ಚಳ ಮುಚ್ಚಿರುತ್ತದೆ, ಆಮೇಲೆ ಅದೇ ಚೀಟಿ ಹಿಡಿದು ಗುರುವಣ್ಣ ಇಳಿಯಲು ಹೋಗುತ್ತಾರೆ. ಓಡಿಸಿದೆ. ಕಂಪೈಲರ್ ಗುರುವಣ್ಣನ ಹೆಸರಿದ್ದ ಸಾಲಿನಲ್ಲಿ ನಿಂತಿತು. ಆ ಸಾಲನ್ನೇ ಎತ್ತಿ ತೋರಿಸಿ, ಹೆಸರಿನ ಮುಂದಿದ್ದ ಚೀಟಿಯ ಕೆಳಗೆ ಗೆರೆ ಎಳೆದು, ಈ ಚೀಟಿ ಆಗಲೇ ಖರ್ಚಾಗಿದೆ ಎಂದು ಕಾರಣ ಬರೆಯಿತು.

ನಂದನ್ ಹಸಿರು ದೀಪ ನೋಡಿ ಏಳಲು ಹೊರಟಿದ್ದ. ಕೂರು ಎಂದೆ. ಅಫ್ವಾನ್‌ರನ್ನೂ ಕರೆದೆ. ಗಂಟಲು ಸರಿಮಾಡಿಕೊಂಡು, ಯಾಕೆ ಬೇಡ ಎಂಬುದನ್ನು ಮೊದಲ ಫೈಲಿನಿಂದ ಗಟ್ಟಿಯಾಗಿ ಓದಲು ಶುರು ಮಾಡಿದೆ.